ಕೋಟೆಯಿಲ್ಲದ ಊರಿನ ಕೀಲಿಕೈ

"ಬೆಳಕು ಸರಿಯಾಗಿ ಹಿಡಿಯೇ. ನನ್ನ ಮುಖಕ್ಕಲ್ಲ, ಮಖಮಲ್ಲಿಗೆ!"

ದೊಡ್ಡಮ್ಮ ಗಾಜಿನ ಪೆಟ್ಟಿಗೆಯೊಳಗೆ ಕತ್ತಿನವರೆಗೂ ತಲೆ ತೂರಿಸಿದ್ದರು. ನಾನು ಟಾರ್ಚ್ ಹಿಡಿದು, ಬಾಗಿಲ ಕಡೆ ಒಂದು ಕಣ್ಣಿಟ್ಟು ನಿಂತಿದ್ದೆ. ಬೆಳಗಿನ ಒಂಬತ್ತೂವರೆ. ಹತ್ತಕ್ಕೆ ಕೋಟೆಯ ಟಿಕೆಟ್ ಕಿಟಕಿ ತೆಗೆಯಬೇಕು, ತೆಗೆಯುವವಳು ನಾನೇ.

ಮೊನ್ನೆ ಬಂದ ತಜ್ಞ ಇದೇ ಪೆಟ್ಟಿಗೆಯ ಮುಂದೆ ನಿಂತು, ಹೆಬ್ಬಾಗಿಲಿನ ನಾನೂರು ವರ್ಷದ ಕೀಲಿಕೈಯನ್ನು ಎರಡು ನಿಮಿಷ ಹೊರಳಿಸಿ ನೋಡಿ, "ಇದು ನಕಲಿ. ಯಾವ ಬೀಗದೊಳಗೂ ಇದು ಯಾವತ್ತೂ ಹೋಗಿಲ್ಲ" ಎಂದುಬಿಟ್ಟಿದ್ದ. ಈ ಪೆಟ್ಟಿಗೆಯನ್ನು ತೆರೆಯುವ ಅಧಿಕಾರ ಇದ್ದದ್ದು ಒಬ್ಬರಿಗೇ. ನಲವತ್ತೆರಡು ವರ್ಷದಿಂದ ಕೋಟೆಯ ಮೇಲ್ವಿಚಾರಕರಾಗಿರುವ ನಮ್ಮ ದೊಡ್ಡಪ್ಪನಿಗೆ. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ಇವತ್ತು ನಾಲ್ಕು ಗಂಟೆಗೆ ಕೋಟೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ಅಸಲಿ ಎಲ್ಲಿದೆ ಎಂದು ತಿಳಿಯದಿದ್ದರೆ ದೊಡ್ಡಪ್ಪನನ್ನು ಕಳ್ಳನೆಂದು ಪೊಲೀಸರಿಗೆ ಒಪ್ಪಿಸುವುದು ಎಂದು ತೀರ್ಮಾನವಾಗಿತ್ತು.

ದೊಡ್ಡಪ್ಪನೋ, ಎರಡು ದಿನದಿಂದ ತುಟಿ ಪಿಟಕ್ ಅಂದಿಲ್ಲ. ಕಾವಲು ಕೋಣೆಯಲ್ಲಿ ಕುಳಿತು ಹಿತ್ತಾಳೆ ಗಂಟೆಯನ್ನು ಉಜ್ಜಿದ್ದೇ ಉಜ್ಜಿದ್ದು. ನಿನ್ನೆ ಮಾತ್ರ ಒಂದು ಸಲ ಬಾಯಿ ತೆರೆದು ದೊಡ್ಡಮ್ಮನಿಗೆ ಹೇಳಿದ್ದರು. "ಹುಡುಕಬೇಡ ಕಣೇ. ಬೇರೆ ಏನು ಬೇಕಾದ್ರೂ ಮಾಡು, ಇದೊಂದು ಹುಡುಕಬೇಡ."

ದೊಡ್ಡಮ್ಮ ಹೇಳಿದ ಮಾತು ಕೇಳುವವರಾಗಿದ್ದರೆ, ದೊಡ್ಡಪ್ಪನ ಗೊಂಚಲಿನಿಂದ ಪೆಟ್ಟಿಗೆಯ ಕೀಲಿ ಎಗರಿಸಿ ನಾನು ಹೀಗೆ ಟಾರ್ಚ್ ಹಿಡಿದು ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ.

ಅವರು ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಕಾಗದ ವಿಂಗಡಿಸಿದವರು. ನಮ್ಮ ಕೋಟೆಯ ಹೆಸರನ್ನೇ ಇಟ್ಟುಕೊಂಡ ಊರುಗಳು ಇನ್ನೂ ಐದಿವೆ. ಯಾವ್ಯಾವ ಕಾಲದಲ್ಲೋ ಇಲ್ಲಿಂದ ಗಂಟುಮೂಟೆ ಕಟ್ಟಿ ಹೊರಟವರು, ಹೋದಲ್ಲಿ ಊರು ಕಟ್ಟಿ, ಹೊಸ ಹೆಸರು ಹುಡುಕುವ ಸೋಮಾರಿತನಕ್ಕೋ ಹಳೆಯ ಹಂಬಲಕ್ಕೋ ಇದೇ ಹೆಸರಿಟ್ಟರು. ಒಂದು ಬಂದರು, ಒಂದು ರೈಲ್ವೆ ಜಂಕ್ಷನ್, ಒಂದು ಗಣಿ ಊರು, ಒಂದು ದ್ವೀಪ, ದೊಡ್ಡ ನಗರವೊಂದರ ಅಂಚಿನ ಬಡಾವಣೆ. ಯಾವುದರಲ್ಲೂ ಕೋಟೆ ಇಲ್ಲ. ಜನ ಜಿಲ್ಲೆ ಬರೆಯದೆ ಊರ ಹೆಸರು ಮಾತ್ರ ಬರೆದುಬಿಟ್ಟರೆ ಆ ಕಾಗದ ಆರರಲ್ಲಿ ಯಾವ ಊರಿಗೆ ಹೋಗಬೇಕು?

ಅಂಥವನ್ನು ಮೊದಲು ಅನುಮಾನದ ಗೂಡಿಗೆ ಹಾಕುತ್ತಿದ್ದರಂತೆ. ಸಂಜೆ ಕಚೇರಿಯ ಹಿರಿಯರು ಬಂದು ತೀರ್ಮಾನ ಮಾಡಬೇಕು. ಯಾರು ತೀರ್ಮಾನ ಮಾಡುತ್ತಾರೋ ಅವರು ಕಾಗದದ ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ತಮ್ಮ ಗುರುತು ಹಾಕಬೇಕು. ತಪ್ಪಾದರೆ ಹೊಣೆ ಯಾರದ್ದೆಂದು ಗೊತ್ತಾಗಲಿ ಎಂದು. ದೊಡ್ಡಮ್ಮನ ಗುರುತು ಬಾಲವಿರುವ ಸೊನ್ನೆ. ನಿವೃತ್ತರಾಗಿ ಎಷ್ಟು ವರ್ಷವಾದರೂ ಆ ಪೆನ್ಸಿಲ್ ಅವರ ತುರುಬಿನಲ್ಲೇ ಇದೆ. ಮನೆಯ ಔಷಧಿ ಸೀಸೆ, ಕೊಡೆ, ದೊಡ್ಡಪ್ಪನ ಅಂಗಿಯ ಕಾಲರು, ಎಲ್ಲದರ ಮೇಲೂ ಬಾಲದ ಸೊನ್ನೆ.

"ಹಿರಿಯರು ಯಾಕೆ ಬೇಕಿತ್ತು, ನನಗೆ ಮೂಗಿತ್ತಲ್ಲ" ಎಂದು ಅವರು ಯಾವಾಗಲೂ ಕೊಚ್ಚಿಕೊಳ್ಳುತ್ತಿದ್ದರು. "ಕಟ್ಟು ಮೂಸಿದ್ರೆ ಸಾಕು. ರಬ್ಬರ್ ಬೂಟಿನ ವಾಸನೆ ಬಂದ್ರೆ ಗಣಿಗೆ. ಬಲೆ ಹುರಿ ವಾಸನೆ ಬಂದ್ರೆ ಬಂದರಿಗೆ. ಮೂವತ್ತೈದು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ಕಟ್ಟು ತಪ್ಪು ಊರಿಗೆ ಹೋಗಿಲ್ಲ."

ಈ ಮಾತು ಬಂದಾಗಲೆಲ್ಲ ದೊಡ್ಡಪ್ಪ ಎದ್ದು ಹೋಗಿ ನೀರು ಕುಡಿಯುತ್ತಿದ್ದರು. ಇಷ್ಟೊಂದು ನೀರು ಕುಡಿಯುವ ಮನುಷ್ಯ ಜಗತ್ತಿನಲ್ಲೇ ಇಲ್ಲ ಎಂದು ನಾವು ಮಕ್ಕಳೆಲ್ಲ ನಗುತ್ತಿದ್ದೆವು.

"ಪುಟ್ಟಿ, ಇಲ್ಲಿ ನೋಡು."

ನನಗೆ ಮೂವತ್ತೇಳು. ಕಿವಿಯ ಹತ್ತಿರ ಬಿಳಿ ಕೂದಲು ಬಂದಿದೆ. ಆದರೂ ಪುಟ್ಟಿ. ಬಗ್ಗಿ ನೋಡಿದೆ.

ಕೆಂಪು ಮಖಮಲ್ಲು ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿತ್ತು. ಕೀಲಿಕೈ ಮಲಗಿದ್ದ ಜಾಗ ಮಾತ್ರ ಇನ್ನೂ ಕಡು ಕೆಂಪು. ದೊಡ್ಡಮ್ಮ ನಕಲಿಯನ್ನು ಮೆಲ್ಲಗೆ ಆ ಕೆಂಪಿನ ಮೇಲೆ ಇಟ್ಟರು. ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ ಕೂತಿತು.

"ಅಂದ್ರೆ ಬಟ್ಟೆ ಹಾಸಿದ ದಿನದಿಂದ ಇಲ್ಲಿ ಮಲಗಿರೋದು ಈ ನಕಲೀನೇ" ಎಂದರು.

"ಬಟ್ಟೆ ಹಾಸಿದ್ದು ಯಾವಾಗ?"

ಅವರು ಮಖಮಲ್ಲಿನ ಅಂಚು ಎತ್ತಿದರು. ಕೆಳಗೆ ಹಳೆಯ ದಿನಪತ್ರಿಕೆ ಹಾಸಿತ್ತು. ನಾನು ತಾರೀಖು ಓದಿದೆ. ನಲವತ್ತೊಂದು ವರ್ಷದ ಹಿಂದಿನದು.

"ನಮ್ಮ ಮದುವೆಗೆ ಎಂಟು ತಿಂಗಳು ಮುಂಚೆ" ಎಂದು ದೊಡ್ಡಮ್ಮ ಮೆತ್ತಗೆ ಹೇಳಿದರು.

ಎರಡು ದಿನ ನಾವು ಅನುಮಾನಿಸಿದ್ದು ಯಾರನ್ನು? ಒಬ್ಬ, ಕೋಟೆ ಬೀದಿಯ ಹಳೇ ಸಾಮಾನಿನ ಅಂಗಡಿಯವನು. ಇನ್ನೊಬ್ಬರು, ದೊಡ್ಡಪ್ಪನ ಕುರ್ಚಿಯಲ್ಲಿ ತಮ್ಮ ಅಳಿಯನನ್ನು ಕೂರಿಸಲು ತುದಿಗಾಲಲ್ಲಿ ನಿಂತಿರುವ ಸಮಿತಿಯ ಕಾರ್ಯದರ್ಶಿ. ನಲವತ್ತೊಂದು ವರ್ಷದ ಹಿಂದೆ ಅಂಗಡಿಯವನು ತೊಟ್ಟಿಲಲ್ಲಿದ್ದ, ಕಾರ್ಯದರ್ಶಿ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಆಗ ಪೆಟ್ಟಿಗೆಯ ಹತ್ತಿರ ಸುಳಿಯುತ್ತಿದ್ದವರು ಕೆಲಸಕ್ಕೆ ಸೇರಿ ವರ್ಷವಾಗಿದ್ದ ಒಬ್ಬ ತರುಣ ಮೇಲ್ವಿಚಾರಕ ಮಾತ್ರ. ದೊಡ್ಡಪ್ಪನನ್ನು ಉಳಿಸಲು ಹೊರಟು ನಮ್ಮ ಕಾಲ ಮೇಲೆ ನಾವೇ ಕಲ್ಲು ಎತ್ತಿ ಹಾಕಿಕೊಂಡಂತಾಯಿತು.

"ಮುಚ್ಚಿಬಿಡೋಣ ದೊಡ್ಡಮ್ಮ" ಎಂದೆ. "ಯಾರಿಗೂ ಹೇಳೋದು ಬೇಡ."

"ಮುಚ್ಚಿದ್ರೆ ಅವರು ಕಳ್ಳರಾಗಿಯೇ ಉಳೀತಾರೆ. ನಿನ್ನ ದೊಡ್ಡಪ್ಪ ದಾರೀಲಿ ಬಿದ್ದ ಗುಂಡಿ ಸಿಕ್ಕಿದ್ರೂ ಅದು ಯಾರ ಅಂಗೀದು ಅಂತ ವಾರ ಹುಡುಕೋ ಮನುಷ್ಯ. ಅವರು ಕದ್ದಿಲ್ಲ. ಎಲ್ಲಿ, ನೀನು ಮಾರೋ ಆ ಕಾರ್ಡು ಕೊಡು."

ಟಿಕೆಟ್ ಕಿಟಕಿಯಲ್ಲಿ ನಾವು ಮಾರುವ ಚಿತ್ರದ ಕಾರ್ಡು ಅದು. ಐವತ್ತು ವರ್ಷದ ಹಿಂದೆ ತೆಗೆದ ಕೀಲಿಕೈಯ ಫೋಟೋ. ದೊಡ್ಡಮ್ಮ ಕಾರ್ಡನ್ನೂ ನಕಲಿಯನ್ನೂ ಜೊತೆಗೆ ಹಿಡಿದರು. ಫೋಟೋದ ಕೀಲಿಕೈಗೆ ಮೂರು ಹಲ್ಲು, ನಡುವಿನ ಹಲ್ಲಿನ ತುದಿ ಇಲಿ ಕಚ್ಚಿದಷ್ಟು ಮುರಿದಿದೆ. ಪೆಟ್ಟಿಗೆಯದಕ್ಕೆ ಮೂರೂ ಹಲ್ಲು ನೆಟ್ಟಗೆ.

"ಹದಿನಾಲ್ಕು ವರ್ಷದಿಂದ ಈ ಕಾರ್ಡು ಮಾರ್ತಿದೀಯ. ಕಣ್ಣೇನು ಅಂದಕ್ಕೆ ಇಟ್ಕೊಂಡಿದೀಯಾ?"

ನಾನು ಉತ್ತರ ಕೊಡುವಷ್ಟರಲ್ಲಿ ಹೊರಗೆ ಹತ್ತರ ಗಂಟೆ ಹೊಡೆಯಿತು. ಓಡಿ ಹೋಗಿ ಕಿಟಕಿ ತೆಗೆದೆ. ಎದುರಿಗೆ ಮೊದಲ ಗಿರಾಕಿಯಾಗಿ ಅದೇ ಹೆಂಗಸು.

ಮೊನ್ನೆಯೂ ಬಂದಿದ್ದರು, ನಿನ್ನೆಯೂ ಬಂದಿದ್ದರು. ಅರವತ್ತು ದಾಟಿದ ವಯಸ್ಸು, ಸಣ್ಣಗೆ ಕತ್ತರಿಸಿದ ಕೂದಲು, ದಪ್ಪ ಕನ್ನಡಕ. ಬಂದರಿನ ಊರಿನವರು, ಶಾಲೆಯ ಟೀಚರ್ ಆಗಿದ್ದವರು ಎಂದು ಭೇಟಿ ಪುಸ್ತಕದಲ್ಲಿ ದುಂಡು ಅಕ್ಷರದಲ್ಲಿ ಬರೆದಿದ್ದರು. ಹೆಸರಿನ ಕೋಣೆ ಎಂದು ನಮ್ಮಲ್ಲಿ ಒಂದು ಕೋಣೆಯಿದೆ. ನಮ್ಮ ಹೆಸರು ಹಂಚಿಕೊಂಡ ಐದೂ ಊರಿನವರು ಬಂದಾಗ ಕೊಟ್ಟುಹೋದ ಕಾಣಿಕೆಗಳು ಅಲ್ಲಿವೆ. ಜಂಕ್ಷನ್ನಿನ ಹಳೇ ಫಲಕ, ದ್ವೀಪದವರ ದೋಣಿ ಹುಟ್ಟು, ಗಣಿಯವರ ಲಾಟೀನು. ಎಲ್ಲರೂ ಮೊದಲು ಅಲ್ಲಿಗೆ ಹೋಗಿ ತಮ್ಮ ಊರಿನದನ್ನು ಹುಡುಕಿ ಖುಷಿಪಡುತ್ತಾರೆ. ಈ ಟೀಚರಮ್ಮ ಮಾತ್ರ ಎರಡು ದಿನವೂ ನೆಟ್ಟಗೆ ಕೀಲಿಕೈಯ ಪೆಟ್ಟಿಗೆಯ ಮುಂದೆ ಹೋಗಿ ನಿಂತವರು.

ಹೆಗಲಲ್ಲಿ ಒಂದು ಬಟ್ಟೆ ಚೀಲ. ಅದರ ಪಟ್ಟಿ ಹೆಗಲಿಗೆ ಕಚ್ಚಿಕೊಂಡಿತ್ತು.

"ಚೀಲ ಇಲ್ಲಿಡಿ ಟೀಚರಮ್ಮ, ಭಾರ ಇದೆ" ಎಂದೆ.

"ಬೇಡಮ್ಮ, ಬೇಡ. ಔಷಧಿ ಇದೆ." ಚೀಲವನ್ನು ಕಂಕುಳಿಗೆ ಒತ್ತಿ ಹಿಡಿದರು.

ಔಷಧಿಯಂತೆ! ಕಬ್ಬಿಣದ ಔಷಧಿ ಯಾವ ಡಾಕ್ಟರು ಬರೆದುಕೊಟ್ಟನೋ. ಆಕೆ ಅತ್ತ ಹೋಗುತ್ತಿದ್ದಂತೆ ದೊಡ್ಡಮ್ಮ ಇತ್ತ ಬಂದರು. ಇಬ್ಬರೂ ಬಾಗಿಲಲ್ಲಿ ಎದುರಾದರು, ಒಬ್ಬರಿಗೊಬ್ಬರು ದಾರಿ ಬಿಟ್ಟರು. ದೊಡ್ಡಮ್ಮ ಕಿಟಕಿಯ ಬಳಿ ಬಂದು ನಿಂತು ಮೂಗೇರಿಸಿದರು.

"ಮೀನೆಣ್ಣೆ" ಎಂದರು. "ಆ ಚೀಲದಲ್ಲಿ ಮೀನೆಣ್ಣೆ ಬಳಿದ ಕಬ್ಬಿಣ ಇದೆ. ಎಲ್ಲಿ ಇಳ್ಕೊಂಡಿದಾರೆ ಅಂತ ಕೇಳ್ಕೊಂಡೆಯಾ?"

ಕೇಳುವುದೇನು, ಕೋಟೆ ಬೀದಿಯಲ್ಲಿ ಇರುವುದು ಒಂದೇ ಲಾಡ್ಜು.

ನಮ್ಮ ಬೀದಿಯನ್ನು ನೋಡಿದರೆ ಹೊರಗಿನವರಿಗೆ ನಗು ಬರುತ್ತದೆ. ಬೆಟ್ಟದ ಮೇಲಿರುವ ಕೋಟೆಯ ಹೆಸರನ್ನೇ ಲಾಡ್ಜಿಗೂ ಇಟ್ಟಿದ್ದಾರೆ, ಲಾಂಡ್ರಿಗೂ ಇಟ್ಟಿದ್ದಾರೆ, ಡ್ರೈವಿಂಗ್ ಶಾಲೆಗೂ, ಟೈಲರಿಗೂ, ಸೈಕಲ್ ರಿಪೇರಿಯವನಿಗೂ ಇಟ್ಟಿದ್ದಾರೆ. ಹೆಸರಿಗೆ ತೆರಿಗೆ ಇಲ್ಲವಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಕಿಟಕಿ ಮುಚ್ಚಿ ನಾವಿಬ್ಬರೂ ಇಳಿದು ಹೋಗುವಾಗ ಅದೇ ಹೆಸರಿನ ಕ್ಷೌರದ ಅಂಗಡಿಯಲ್ಲಿ ಕಾರ್ಯದರ್ಶಿ ಮುಖದ ತುಂಬ ಸಾಬೂನಿನ ನೊರೆ ಬಳಿಸಿಕೊಂಡು ಕೂತಿದ್ದರು. ನಾವು ಕನ್ನಡಿಯಲ್ಲಿ ಕಂಡೆವು.

"ಏನು ತಾಯಿ, ಗಂಡನ ಸಭೆ ದಿನ ಊಟ ಬಿಟ್ಟು ಲಾಡ್ಜಿನ ಕಡೆ ಸವಾರಿ?" ಎಂದು ನೊರೆಯೊಳಗಿಂದಲೇ ಕೇಳಿದರು.

"ನಿಮ್ಮ ಅಳಿಯನಿಗೆ ರೂಮು ನೋಡೋಕೆ" ಎಂದು ದೊಡ್ಡಮ್ಮ ನಿಲ್ಲದೆಯೇ ಹೇಳಿದರು. ಕ್ಷೌರಿಕ ನಕ್ಕದ್ದಕ್ಕೆ ಕತ್ತಿ ಸ್ವಲ್ಪ ಜಾರಿತೆಂದು ಆಮೇಲೆ ತಿಳಿಯಿತು.

ಲಾಡ್ಜಿನ ಮಹಡಿಯ ಕೊನೆಯ ಕೋಣೆ. ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ತುಂಬ ಕೋಟೆ. ಟೀಚರಮ್ಮ ಬಾಗಿಲು ತೆರೆದವರು ನನ್ನನ್ನು ಕಂಡು ಬೆಚ್ಚಿದರು. ಚೀಲ ಮಂಚದ ಮೇಲಿತ್ತು. ಆಕೆ ಹೋಗಿ ಅದರ ಪಕ್ಕದಲ್ಲೇ ಕೂತರು.

"ನಾನು ಮೇಲ್ವಿಚಾರಕರ ಹೆಂಡತಿ" ಎಂದು ದೊಡ್ಡಮ್ಮ ಕುರ್ಚಿ ಎಳೆದುಕೊಂಡರು. "ನೀವು ಮೂರು ದಿನದಿಂದ ಯಾವ ಪೆಟ್ಟಿಗೆ ನೋಡ್ತಿದೀರೋ, ಅದರ ದೆಸೆಯಿಂದ ಇವತ್ತು ನಾಲ್ಕು ಗಂಟೆಗೆ ನನ್ನ ಗಂಡನ್ನ ಕಳ್ಳ ಅಂತಾರೆ. ನಲವತ್ತೆರಡು ವರ್ಷ ಆ ಕೋಟೆ ಕಸ ಗುಡಿಸಿದ ಮನುಷ್ಯ. ನಿಮ್ಮ ಚೀಲದಲ್ಲಿ ಏನಿದೆ ಅಂತ ನನಗೆ ಗೊತ್ತು. ಕಿತ್ಕೊಳ್ಳೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ."

ಟೀಚರಮ್ಮನ ಕಣ್ಣು ತುಂಬಿತು. "ಕೋಟೆಗೆ ಒಬ್ಬರು ಮೇಲ್ವಿಚಾರಕರು ಇದಾರೆ ಅಂತ ಗೊತ್ತಿತ್ತು. ಅವರಿಗೊಂದು ಮನೆ ಇದೆ, ಹೆಂಡತಿ ಇದಾರೆ ಅಂತ ನಾನು ಯೋಚನೆ ಮಾಡಲಿಲ್ಲ ನೋಡಿ."

ಚೀಲದಿಂದ ಕಂದು ಕಾಗದದ ಕಟ್ಟು ಹೊರಬಂತು. ಬಿಚ್ಚಿದರು. ನನ್ನ ಮೊಣಕೈಯಷ್ಟು ಉದ್ದದ ಕೀಲಿಕೈ. ಮೂರು ಹಲ್ಲು. ನಡುವಿನದರ ತುದಿ ಮುರಿದಿದೆ. ಎಷ್ಟೋ ಕೈಗಳು ಸವರಿ ಸವರಿ ಹಿಡಿಕೆ ಬೆಳ್ಳಿಯಂತಾಗಿತ್ತು. ಕೋಣೆಯ ತುಂಬ ಮೀನೆಣ್ಣೆಯ ವಾಸನೆ ಗಪ್ಪೆಂದು ಹರಡಿತು.

"ನಾನು ಕೆಲಸಕ್ಕೆ ಸೇರಿದ ವರ್ಷ ಅಂಚೆಯಲ್ಲಿ ಬಂತು" ಎಂದರು ಟೀಚರಮ್ಮ. "ವಿಳಾಸದಲ್ಲಿ ಮೇಲ್ವಿಚಾರಕರು ಅಂತ, ಕೆಳಗೆ ಊರ ಹೆಸರು. ಅಷ್ಟೇ. ನಮ್ಮೂರಲ್ಲಿ ಮೇಲ್ವಿಚಾರಕರು ಅಂತ ಇದ್ದದ್ದು ಶಾಲೆ ಹಾಸ್ಟೆಲಿಗೆ ಒಬ್ಬರೇ. ಅವರಿಗೇ ತಂದುಕೊಟ್ಟರು. ಒಳಗೆ ಒಂದು ಚೀಟಿ. 'ಕೋಟೆಯ ಹೆಬ್ಬಾಗಿಲಿನ ಕೀಲಿಕೈ, ಎಣ್ಣೆ ಹಾಕಿದೆ, ಜೋಪಾನ' ಅಂತ. ಹೆಡ್ಮಾಸ್ಟರು ಕುಣಿದಾಡಿಬಿಟ್ಟರು. ತವರಿನೋರು ನಮಗೆ ಉಡುಗೊರೆ ಕಳಿಸಿದಾರೆ ಅಂತ."

"ನಿಮಗೂ ಹಾಗೇ ಅನ್ನಿಸಿತಾ?"

ಟೀಚರಮ್ಮ ಸೆರಗಿನ ತುದಿ ತಿರುಚಿದರು. "ಇಲ್ಲ. ತಪ್ಪಿ ಬಂದಿದೆ ಅಂತ ನನಗೆ ಅವತ್ತೇ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ನಮ್ಮ ಮಕ್ಕಳು ಕೇಳೋರು, ಊರಿಗೆ ಕೋಟೆ ಹೆಸರಿದೆ, ಕೋಟೆ ಎಲ್ಲಿ ಟೀಚರ್ ಅಂತ. ಏನು ಹೇಳೋದು? ಇದು ಬಂದ ಮೇಲೆ ಹೇಳೋಕೆ ಒಂದು ಮಾತಾಯ್ತು. ಕೀಲಿಕೈ ನಮ್ಮ ಹತ್ರ ಇದೆ, ಕೋಟೆ ಸ್ವಲ್ಪ ದೂರ ಇದೆ ಅಂತ. ಶಾಲೆಗೆ ಸೇರೋ ಪ್ರತಿ ಮಗೂನೂ ಮೊದಲ ದಿನ ಇದನ್ನ ಎರಡು ಕೈಯಲ್ಲಿ ಎತ್ತಬೇಕು. ಎತ್ತೋಕಾಗದೋರಿಗೆ ನಾನು ಕೆಳಗಿಂದ ಹಿಡೀತಿದ್ದೆ. ವಾರಕ್ಕೊಂದು ಸಲ ಮೀನೆಣ್ಣೆ ಹಾಕಿ ಒರೆಸ್ತಿದ್ದೆ. ನಲವತ್ತೊಂದು ವರ್ಷ."

ನನಗೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಇತ್ತು. ಆದರೆ ಆ ಕೀಲಿಕೈ ಎತ್ತಲಾರದೆ ಒದ್ದಾಡುವ ಪುಟ್ಟ ಕೈಗಳು ಕಣ್ಣ ಮುಂದೆ ಬಂದವು.

"ಮಂಡಿ ಪೂರ್ತಿ ಸೋಲೋ ಮುಂಚೆ ಕೋಟೆ ಒಂದು ಸಲ ನೋಡಿ, ಇದನ್ನ ಬೀಗಕ್ಕೆ ಹಾಕಿ ತಿರುಗಿಸಿ, ಮಕ್ಕಳಿಗೆ ಹೋಗಿ ಹೇಳೋಣ ಅಂತ ಬಂದೆ. ಬಂದು ನೋಡಿದ್ರೆ ಪೆಟ್ಟಿಗೇಲಿ ಇನ್ನೊಂದು! ನೋಡ್ತಾ ನಿಂತಿರೋವಾಗಲೇ ಆ ತಜ್ಞರು ಬಂದು ನಕಲಿ ಅಂದ್ರು. ಹೊರಗೆ ತೆಗೆದ್ರೆ ನನ್ನ ಮಕ್ಕಳ ಕೀಲಿಕೈ ಹೋಗುತ್ತೆ. ತೆಗೀದಿದ್ರೆ ಯಾರೋ ಒಬ್ಬರು ಕಳ್ಳರಾಗ್ತಾರೆ. ಮೂರು ದಿನದಿಂದ ಊಟ ಸೇರ್ತಿಲ್ಲ."

ಸದ್ಯ! ದೊಡ್ಡಪ್ಪ ಕದ್ದಿಲ್ಲ. ರಿಪೇರಿಗೆ ಹೋದದ್ದೋ ಎಲ್ಲಿಗೋ ಹೋದದ್ದು, ಅಂಚೆಯವರ ಅಚಾತುರ್ಯದಿಂದ ಬೇರೆ ಊರು ಸೇರಿದೆ. ಇಷ್ಟೇ ತಾನೇ?

"ದೊಡ್ಡಮ್ಮ, ಗೆದ್ದೆವು!" ಎಂದೆ. "ಯಾವನೋ ತಲೆಕೆಟ್ಟ ಅಂಚೆಯವನು..."

ದೊಡ್ಡಮ್ಮ ಕೀಲಿಕೈಯನ್ನು ನೋಡುತ್ತಲೇ ಇರಲಿಲ್ಲ. ಕಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು.

ಹೋಗಿ ಅವರ ಹೆಗಲ ಮೇಲಿನಿಂದ ನೋಡಿದೆ. ಮಾಸಿದ ವಿಳಾಸ, ಅಂಚೆಯ ಮುದ್ರೆ. ಮೂಲೆಯಲ್ಲಿ ನೀಲಿ ಪೆನ್ಸಿಲಿನ ಗುರುತು.

ಬಾಲದ ಸೊನ್ನೆ.

"ಕೆಲಸಕ್ಕೆ ಸೇರಿ ಇಪ್ಪತ್ತು ದಿನ ಆಗಿತ್ತು" ಎಂದು ದೊಡ್ಡಮ್ಮ ಗೋಡೆಗೆ ಹೇಳಿದಂತೆ ಹೇಳಿದರು. "ಅನುಮಾನದ ಗೂಡಿಗೆ ಹಾಕಬೇಕಿತ್ತು. ಹಾಕಲಿಲ್ಲ. ಎತ್ತಿದೆ, ಭಾರ ಇತ್ತು. ಮೂಸಿದೆ, ಯಂತ್ರದ ಎಣ್ಣೆ ವಾಸನೆ. ಭಾರದ ಕಬ್ಬಿಣ, ಎಣ್ಣೆ, ಇದು ದೋಣಿ ಯಂತ್ರದ ಭಾಗವೇ ಸೈ, ಬಂದರಿಗೇ ಹೋಗಬೇಕು ಅಂತ ನಾನೇ ಗುರುತು ಹಾಕ್ದೆ. ಹಿರಿಯರಿಗಿಂತ ನಾನೇ ಜಾಣೆ ಅಂತ ತೋರಿಸೋಕೆ. ಆ ಸಂಜೆ ಎಷ್ಟು ಬೀಗಿದ್ದೆ ಗೊತ್ತಾ, ಪುಟ್ಟಿ."

ನನ್ನ ಬಾಯಲ್ಲಿ ಇನ್ನೂ ಅರ್ಧ ಉಳಿದಿದ್ದ 'ತಲೆಕೆಟ್ಟ ಅಂಚೆಯವನು' ಒಳಗೇ ಸತ್ತಿತು.

ಟೀಚರಮ್ಮ ಎದ್ದು ಬಂದು ದೊಡ್ಡಮ್ಮನ ಕೈ ಹಿಡಿದರು. "ನಾಲ್ಕಕ್ಕೆ ನಾನೇ ತರ್ತೀನಿ. ನನ್ನ ಕೈಯಿಂದಲೇ ಕೊಡ್ತೀನಿ. ನಲವತ್ತೊಂದು ವರ್ಷ ಸುಮ್ಮನಿದ್ದವಳು ನಾನೂ ಹೌದಲ್ಲ. ಒಂದೇ ಒಂದು ಸಲ ಬೀಗಕ್ಕೆ ಹಾಕಿ ತಿರುಗಿಸೋಕೆ ಬಿಡ್ತೀರಾ?"

"ಹತ್ತು ಸಲ ತಿರುಗಿಸಿ" ಎಂದರು ದೊಡ್ಡಮ್ಮ.

ಕೀಲಿಕೈಯನ್ನು ಈಗಲೇ ತೆಗೆದುಕೊಂಡು ಹೋಗೋಣ ಎಂದು ನಾನು ಮೆಟ್ಟಿಲಿಳಿಯುವಾಗ ತಲೆ ಚಚ್ಚಿಕೊಂಡೆ. ದೊಡ್ಡಮ್ಮ ಕೇಳಲಿಲ್ಲ. "ಇಟ್ಟುಕೊಂಡವರು ಕೊಡೋಕೆ ಬರಲಿ. ಕಳಿಸಿದವಳು ಒಪ್ಪಿಕೊಳ್ಳೋಕೆ ಹೋಗ್ತೀನಿ. ನನಗೆ ಈ ಕಾಗದ ಸಾಕು." ಲಾಡ್ಜಿನ ಮೆಟ್ಟಿಲ ಬುಡದಲ್ಲಿ ಸಾಬೂನಿನ ನೊರೆ ಬಿದ್ದಿತ್ತು, ಬೀದಿಯಲ್ಲಿ ಕ್ಷೌರದ ಅಂಗಡಿಯ ಕುರ್ಚಿ ಖಾಲಿಯಾಗಿತ್ತು. ಎರಡನ್ನೂ ನಾನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ ಎಂಬುದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಾವಲು ಕೋಣೆಗೆ ಹೋದೆವು. ದೊಡ್ಡಪ್ಪ ಅಲ್ಲಿರಲಿಲ್ಲ. ಹಿತ್ತಾಳೆ ಗಂಟೆ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಅದರ ಪಕ್ಕದಲ್ಲಿ ಕೋಟೆಯ ಅಷ್ಟೂ ಕೋಣೆಗಳ ಕೀಲಿಗೊಂಚಲು, ನೀಟಾಗಿ, ಒಪ್ಪಿಸಲು ಇಟ್ಟಂತೆ.

ದೊಡ್ಡಮ್ಮ ಓಡಿದರು. ಅರವತ್ತೆರಡರ ಹೆಂಗಸು ಆ ಮೆಟ್ಟಿಲು ಹಾಗೆ ಹತ್ತಿದ್ದನ್ನು ನಾನು ಕಂಡಿರಲಿಲ್ಲ.

ಹಜಾರದಲ್ಲಿ ಸಭೆ ಹೊತ್ತಿಗೆ ಮುಂಚೆಯೇ ಶುರುವಾಗಿತ್ತು. ಉದ್ದನೆಯ ಮೇಜು. ನಡುವೆ ಸಮಿತಿಯ ಅಧ್ಯಕ್ಷರು, ನಿವೃತ್ತ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ಕಾರ್ಯದರ್ಶಿ, ಗದ್ದದ ಮೇಲೆ ಒಂದು ಚೂರು ಹತ್ತಿ ಅಂಟಿಸಿಕೊಂಡು. ಎದುರಿಗೆ ದೊಡ್ಡಪ್ಪ ನಿಂತಿದ್ದರು. ಕಾರ್ಯದರ್ಶಿ ಗಟ್ಟಿಯಾಗಿ ಓದುತ್ತಿದ್ದರು.

"...ಅಸಲಿ ಕೀಲಿಕೈಯನ್ನು ನಲವತ್ತೊಂದು ವರ್ಷದ ಹಿಂದೆ ನಾನೇ ಮಾರಿದ್ದೇನೆ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ. ವಿಚಾರಣೆಯನ್ನು ಇಲ್ಲಿಗೇ ಮುಗಿಸಬೇಕಾಗಿ ವಿನಂತಿ. ಇತಿ." ಕಾಗದವನ್ನು ಮೇಜಿನ ಮೇಲಿಟ್ಟರು. "ರುಜು ಹಾಕಿದಾರೆ. ಮುಗೀತಲ್ಲ?"

"ಮುಗಿದಿಲ್ಲ" ಎಂದರು ದೊಡ್ಡಮ್ಮ ಬಾಗಿಲಿನಿಂದ.

ದೊಡ್ಡಪ್ಪ ತಿರುಗಿದರು. ಹೆಂಡತಿಯ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಕಂದು ಕಾಗದ ನೋಡಿದರು. "ಬೇಡ ಅಂದಿದ್ದೆನಲ್ಲೇ" ಎಂದರು. ಅಷ್ಟು ದಣಿದ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ದೊಡ್ಡಮ್ಮ ನೆಟ್ಟಗೆ ಮೇಜಿನ ಬಳಿ ಹೋದರು. ತುರುಬಿನಿಂದ ನೀಲಿ ಪೆನ್ಸಿಲ್ ಎಳೆದರು. ದೊಡ್ಡಪ್ಪನ ರುಜುವಿನ ಪಕ್ಕದಲ್ಲಿ, ಮೂಲೆಯಲ್ಲಿ, ಒಂದು ಸೊನ್ನೆ ಬರೆದು ಬಾಲ ಎಳೆದರು.

"ಇದು ತಪ್ಪು ಊರಿಗೆ ಹೊರಟಿರೋ ಕಾಗದ" ಎಂದರು. "ಒಂದು ಸಲ ಬಿಟ್ಟಿದೀನಿ. ಇನ್ನೊಂದು ಸಲ ಬಿಡಲ್ಲ."

ಕಂದು ಕಾಗದವನ್ನು ಅದರ ಪಕ್ಕ ಹರಡಿದರು. ಎರಡೂ ಗುರುತು ಅಕ್ಕಪಕ್ಕ. ನಿಂತಲ್ಲೇ ಎಲ್ಲ ಹೇಳಿದರು, ಗೂಡು, ಭಾರ, ಎಣ್ಣೆಯ ವಾಸನೆ, ಬಂದರಿನ ಶಾಲೆ. ಕೊನೆಗೆ ಗಂಡನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ?"

ದೊಡ್ಡಪ್ಪ ತಲೆ ತಗ್ಗಿಸಿಯೇ ಹೇಳಿದರು. "ತುಕ್ಕು ತೆಗೆಸೋಕೆ ನಾನೇ ಹೊರಗೆ ಕಳಿಸಿದ್ದೆ, ಸಮಿತಿಗೆ ಕೇಳದೆ. ಅವರು ವಾಪಸು ಅಂಚೆಗೆ ಹಾಕಿದ್ದು ನನ್ನ ಕೈ ಸೇರಲಿಲ್ಲ. ದೂರು ಬರೆದುಕೊಂಡು ಅಂಚೆ ಕಚೇರಿಗೆ ಬಂದೆ. ನಿಮ್ಮ ಹಿರಿಯರು ದಾಖಲೆ ನೋಡಿ, ಬಂದರಿಗೆ ಹೋಗಿದೆ, ಗುರುತು ಆ ಹೊಸ ಹುಡುಗೀದು ಅಂತ ತೋರಿಸಿದ್ರು. ದೂರು ಕೊಟ್ರೆ ಕೆಲಸ ಹೋಗುತ್ತೆ, ಮನೇಲಿ ದುಡಿಯೋಳು ಅವಳೊಬ್ಬಳೇ ಅಂದ್ರು. ನೀನು ತುರುಬಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಯಾವುದೋ ಕಟ್ಟು ಮೂಸ್ತಿದ್ದೆ."

"ಆಮೇಲೆ?"

"ಆಮೇಲೇನು, ದೂರನ್ನ ಮಡಚಿ ಜೇಬಿಗೆ ಹಾಕ್ಕೊಂಡೆ. ಬಂದರಿಗೇ ಬರೆದು ತರಿಸಿಕೊಳ್ಳೋಣ ಅಂತಿದ್ದೆ. ಅಷ್ಟರಲ್ಲಿ ಅಲ್ಲಿಯ ಹೆಡ್ಮಾಸ್ಟರ ಕಾಗದ ಬಂತು, ಮಕ್ಕಳು ಹೇಗೆ ಕುಣಿದ್ರು ಅಂತ ನಾಲ್ಕು ಪುಟ. ಹೇಗೆ ವಾಪಸು ಕೇಳೋದು? ಕಾರ್ಡಿನ ಫೋಟೋ ಕೊಟ್ಟು ಕಮ್ಮಾರನ ಹತ್ರ ಒಂದು ಮಾಡಿಸಿದೆ. ಮುರಿದ ಹಲ್ಲು ಚೆನ್ನಾಗಿ ಕಾಣಲ್ಲ ಅಂತ ಆ ಪುಣ್ಯಾತ್ಮ ನೆಟ್ಟಗೆ ಮಾಡಿಬಿಟ್ಟ."

"ನಲವತ್ತೊಂದು ವರ್ಷ ನಾನು ಕೊಚ್ಚಿಕೊಳ್ಳೋದನ್ನ ಕೇಳ್ತಾ..."

"ನೀರು ಕುಡೀತಿದ್ದೆ" ಎಂದರು ದೊಡ್ಡಪ್ಪ.

ದೊಡ್ಡಮ್ಮ ಅತ್ತರು. ಮೇಜಿನ ಸುತ್ತ ಕೂತವರ ಮುಂದೆ, ಸೆರಗನ್ನೂ ಮುಖಕ್ಕೆ ತರದೆ ಅತ್ತರು. ಹಲ್ಲಿನ ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ನಾನಂತೂ ಗೋಡೆಯ ಕಡೆ ತಿರುಗಿ ನಿಂತಿದ್ದೆ.

"ಕಥೆ ಬಹಳ ಚೆನ್ನಾಗಿದೆ" ಎಂದರು ಕಾರ್ಯದರ್ಶಿ. "ಆದರೆ ಕಾಗದ ಯಾವಾಗ ಬೇಕಾದ್ರೂ ಸಿಗುತ್ತೆ, ಪೆನ್ಸಿಲೂ ತಾಯಿಯವರ ಕೈಯಲ್ಲೇ ಇದೆ. ಕೀಲಿಕೈ ಎಲ್ಲಿ?"

"ಟೀಚರಮ್ಮ ತರ್ತಾರೆ. ನಾಲ್ಕಕ್ಕೆ ಅಂದಿದ್ರು."

ಗಡಿಯಾರ ನಾಲ್ಕೂ ಇಪ್ಪತ್ತು ತೋರಿಸುತ್ತಿತ್ತು. ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಕೆಳಗೆ ಓಡಿ ಟಿಕೆಟ್ ಕಿಟಕಿಯ ಫೋನಿನಿಂದ ಲಾಡ್ಜಿಗೆ ಮಾಡಿದೆ.

"ಟೀಚರಮ್ಮನಾ?" ಎಂದ ಮ್ಯಾನೇಜರು. "ಮೂರು ಗಂಟೆಗೇ ಹೋದ್ರಲ್ಲ. ನಿಮ್ಮ ದೊಡ್ಡಮ್ಮನೇ ಕಾರು ಕಳಿಸಿದಾರೆ ಅಂತ ಡ್ರೈವರ್ ಬಂದಿದ್ದ. ಚೀಲ ನಾನು ಹಿಡ್ಕೋತೀನಿ, ಭಾರ ಇದೆ ಅಂತ ಅವನೇ ಇಸ್ಕೊಂಡ. ಯಾಕೆ, ಇನ್ನೂ ಬಂದಿಲ್ವಾ?"

ನಮ್ಮ ದೊಡ್ಡಮ್ಮನಿಗೆ ಕಾರೆಲ್ಲಿಂದ ಬರಬೇಕು! ಮೆಟ್ಟಿಲನ್ನು ಎರಡೆರಡು ಹಾರಿ ಮೇಲೆ ಬಂದೆ. ನನ್ನ ಮುಖ ಕಂಡೇ ಎಲ್ಲರಿಗೂ ಉತ್ತರ ಸಿಕ್ಕಿತು.

"ಹಾಗಾದರೆ ಈ ತಪ್ಪೊಪ್ಪಿಗೆಯೇ ಉಳೀತು" ಎನ್ನುತ್ತ ಕಾರ್ಯದರ್ಶಿ ಕಾಗದ ಎತ್ತಿಕೊಂಡರು. ದೊಡ್ಡಮ್ಮ ಅದನ್ನು ಹಿಡಿಯಲು ಮುಂದಕ್ಕೆ ಬಾಗಿದರು. ಅವರ ಮುಖ ಕಾರ್ಯದರ್ಶಿಯ ಕೈಗೆ ಗೇಣಿನಷ್ಟು ಹತ್ತಿರ ಬಂತು. ಬಾಗಿದವರು ಹಾಗೇ ನಿಂತುಬಿಟ್ಟರು. ಮೂಗಿನ ಹೊಳ್ಳೆಗಳು ಅರಳಿದವು.

ಮೆಲ್ಲಗೆ ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದರು. ನನ್ನ ಮುಂಗೈ ಹಿಡಿದರು.

"ಮೀನೆಣ್ಣೆ ಕಣೆ" ಎಂದು ಕಿವಿಯಲ್ಲಿ ಉಸುರಿದರು. "ಅವನ ಕೈಯಲ್ಲಿ."

"ಹೇಳಿ ದೊಡ್ಡಮ್ಮ! ಎಲ್ಲರಿಗೂ ಕೇಳೋ ಹಾಗೆ ಹೇಳಿ!"

"ಹೇಗೆ ಹೇಳಲೇ?" ದೊಡ್ಡಮ್ಮ ಮೇಜಿನ ಮೇಲಿನ ಕಂದು ಕಾಗದವನ್ನೇ ನೋಡುತ್ತಿದ್ದರು. "ನನ್ನ ಮೂಗನ್ನ ನಂಬಬಾರದು ಅಂತ ಈಗ ತಾನೇ ನಾನೇ ಇವರಿಗೆಲ್ಲ ಹೇಳಿದೀನಲ್ಲ."